ಮೂರನೆಯ ಮಗಳಿಗೆ ಸಿಕ್ಕ ಬಿಡುವು: ‘ಡೌನ್‌ಟನ್ ಆ್ಯಬಿ’ಯ ಲೇಡಿ ಸಿಬಿಲ್

ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ 2010ರ ಸೆಪ್ಟೆಂಬರಿನಿಂದ 2015ರ ಕ್ರಿಸ್‌ಮಸ್ ದಿನದವರೆಗೆ ಆರು ಸರಣಿಗಳಾಗಿ ಪ್ರಸಾರವಾದ ‘ಡೌನ್‌ಟನ್ ಆ್ಯಬಿ’ ಧಾರಾವಾಹಿಯಲ್ಲಿ ಗ್ರಾಂಥಮ್‌ನ ಅರ್ಲ್ (ವಂಶಪಾರಂಪರ್ಯವಾಗಿ ಬರುವ ಒಂದು ಸಿರಿವಂತ ಪದವಿ) ರಾಬರ್ಟ್ ಕ್ರಾಲಿಗೆ ಮೂವರು ಹೆಣ್ಣುಮಕ್ಕಳು. ಹಿರಿಯವಳು ಮೇರಿ ಬಿಗುಮಾನದವಳು, ನಡುವಿನವಳು ಈಡಿತ್ ಒಳಗೊಳಗೇ ಕುದಿಯುವವಳು, ಕಿರಿಯವಳು ಸಿಬಿಲ್ ಮನೆಯ ಯಜಮಾನರಿಗೂ ಅಡುಗೆಮನೆಯ ಆಳುಗಳಿಗೂ ಸಮಾನವಾಗಿ ಬೇಕಾದವಳು. ಜೆಸಿಕಾ ಬ್ರೌನ್ ಫಿಂಡ್ಲೆ ಅಭಿನಯಿಸಿದ ಈ ಪಾತ್ರ ಮೂರನೆಯ ಸರಣಿಯ ನಡುವೆಯೇ ಸಾಯುತ್ತದೆ; ಆದರೂ ಧಾರಾವಾಹಿಯನ್ನು ನೋಡಿದವರು ಅದರ ಒಳ್ಳೆಯ ಮನುಷ್ಯರನ್ನು ನೆನೆಯುವಾಗ ಮೊದಲು ಅವಳ ಹೆಸರನ್ನೇ ಹೇಳುತ್ತಾರೆ. ಅಕ್ಕಂದಿರಿಗೂ ಅವಳಿಗೂ ಇರುವ ವ್ಯತ್ಯಾಸವನ್ನು ಹುಟ್ಟುಗುಣದ ಮಾತೆಂದು ಬಿಟ್ಟುಬಿಡುವುದು ಸುಲಭ. ಆದರೆ ಜೂಲಿಯನ್ ಫೆಲೋಸ್ ಹೆಣೆದ ಕಥೆಯನ್ನು ಅದು ನಡೆಯುವ ಕಾಲದ ಕಾನೂನು ಕಟ್ಟಳೆಗಳ ಪಕ್ಕದಲ್ಲಿಟ್ಟು ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಸಿಬಿಲ್ ಕರುಣಾಳುವಾಗಿರಲು ಸಾಧ್ಯವಾದದ್ದು ಆ ಮನೆಯ ಆಸ್ತಿಯ ಲೆಕ್ಕದಲ್ಲಿ ಅವಳಿಗೆ ಯಾವ ಸ್ಥಾನವೂ ಇಲ್ಲದ ಕಾರಣದಿಂದ; ಆ ಕರುಣೆ ಎಲ್ಲಿಯವರೆಗೆ ಹೋಗಬಹುದು ಎಂಬ ಗೆರೆಯನ್ನು ಎಳೆದದ್ದೂ ಅವಳಿಗೆ ಹುಟ್ಟಿನಿಂದ ಬಂದ ಪದವಿಯೇ.

ಮೊದಲು ಆಸ್ತಿಯ ವಿಷಯ. ಕಥೆ ಆರಂಭವಾಗುವುದು 1912ರ ಏಪ್ರಿಲ್‌ನಲ್ಲಿ, ಟೈಟಾನಿಕ್ ಹಡಗು ಮುಳುಗಿದ ಸುದ್ದಿ ಯಾರ್ಕ್‌ಷೈರಿನ ಆ ಮನೆಗೆ ತಲುಪುವ ಬೆಳಗಿನಲ್ಲಿ. ಅರ್ಲ್‌ನ ವಾರಸುದಾರನಾಗಿದ್ದ ದಾಯಾದಿ ಜೇಮ್ಸ್ ಮತ್ತು ಅವನ ಮಗ ಪ್ಯಾಟ್ರಿಕ್ ಇಬ್ಬರೂ ಹಡಗಿನೊಂದಿಗೆ ಹೋದರು. ಗಂಡುಮಕ್ಕಳೆಲ್ಲರೂ ಪಾಲು ಕೇಳುವ ಪದ್ಧತಿಯನ್ನು ಕಂಡು ಬೆಳೆದ ನಮ್ಮ ಓದುಗರಿಗೆ ಇಂಗ್ಲೆಂಡಿನ ಸಿರಿವಂತ ಮನೆತನಗಳ ವ್ಯವಸ್ಥೆ ವಿಚಿತ್ರವೆನಿಸಬಹುದು: ಅಲ್ಲಿ ಪದವಿ, ಮನೆ, ಜಮೀನು ಮೂರೂ ಒಡೆಯದೆ ಒಬ್ಬನೇ ಗಂಡಸಿಗೆ ಹೋಗುತ್ತಿದ್ದವು. ಇದಕ್ಕಾಗಿ ಬಳಸುತ್ತಿದ್ದ ಕಾನೂನಿನ ಸಾಧನವನ್ನು ಎನ್‌ಟೇಲ್ ಎನ್ನುತ್ತಾರೆ. ಎನ್‌ಟೇಲ್‌ಗೆ ಒಳಪಟ್ಟ ಆಸ್ತಿಯ ಒಡೆಯ ನಿಜವಾದ ಅರ್ಥದಲ್ಲಿ ಒಡೆಯನಲ್ಲ. ಬದುಕಿರುವವರೆಗೆ ಅದರ ಆದಾಯವನ್ನು ಅನುಭವಿಸಬಹುದು, ಆದರೆ ಮಾರುವಂತಿಲ್ಲ, ಮಗಳ ಹೆಸರಿಗೆ ಉಯಿಲು ಬರೆಯುವಂತಿಲ್ಲ. ವಾಸ್ತವದಲ್ಲಿ 1833ರ ಒಂದು ಕಾಯ್ದೆ ಬಂದ ಮೇಲೆ ತಂದೆಯೂ ವಯಸ್ಸಿಗೆ ಬಂದ ಮಗನೂ ಒಪ್ಪಿದರೆ ಈ ಕಟ್ಟನ್ನು ಬಿಚ್ಚಲು ಸಾಧ್ಯವಿತ್ತು. ಬಿಚ್ಚಿದವರು ಮುಂದಿನ ತಲೆಮಾರಿಗಾಗಿ ಅದನ್ನು ಮತ್ತೆ ಕಟ್ಟುತ್ತಿದ್ದರು ಎಂಬುದು ಬೇರೆ ಮಾತು. ಧಾರಾವಾಹಿ ಈ ಗಂಟನ್ನು ಇದ್ದುದಕ್ಕಿಂತ ಬಿಗಿಯಾಗಿ ತೋರಿಸುತ್ತದೆ, ಏಕೆಂದರೆ ಗಂಟು ಬಿಗಿಯಾಗಿದ್ದರೆ ಮಾತ್ರ ಕಥೆ ನಡೆಯುತ್ತದೆ. ಅಮೆರಿಕದ ಶ್ರೀಮಂತ ವ್ಯಾಪಾರಿಯ ಮಗಳಾದ ತಾಯಿ ಕೋರಾ ತಂದ ಹಣವೂ ಈ ಕಟ್ಟಿನೊಳಗೇ ಸೇರಿಹೋಗಿದೆ. ಹೀಗಾಗಿ ಎಲ್ಲವೂ ಮ್ಯಾಂಚೆಸ್ಟರಿನಲ್ಲಿ ವಕೀಲಿ ಮಾಡಿಕೊಂಡಿದ್ದ ಮ್ಯಾಥ್ಯೂ ಕ್ರಾಲಿ ಎಂಬ ದೂರದ ಸಂಬಂಧಿಗೆ ಸಲ್ಲಬೇಕಾಗುತ್ತದೆ.

ಈ ಏರ್ಪಾಟಿನ ಭಾರವೆಲ್ಲ ಬೀಳುವುದು ಹಿರಿಯ ಮಗಳ ಮೇಲೆ. ಮೇರಿ ವಾರಸುದಾರನನ್ನು ಮದುವೆಯಾದರೆ ಮನೆ ತಾಯಿತಂದೆಯರ ರಕ್ತದಲ್ಲೇ ಉಳಿಯುತ್ತದೆ, ಆಗದಿದ್ದರೆ ಕೈತಪ್ಪುತ್ತದೆ. ಅವಳ ಪ್ರೀತಿ, ಸಿಟ್ಟು, ಹಟ ಯಾವುದೂ ಅವಳ ಸ್ವಂತದ್ದಾಗಿ ಉಳಿಯುವುದಿಲ್ಲ, ಎಲ್ಲದಕ್ಕೂ ಎಕರೆಗಳ ಲೆಕ್ಕ ಅಂಟಿಕೊಳ್ಳುತ್ತದೆ. ಈಡಿತ್ ಆ ಲೆಕ್ಕದಲ್ಲಿ ಎರಡನೆಯ ಆಯ್ಕೆ, ಅದನ್ನು ಬಲ್ಲವಳು, ಅದರಿಂದಲೇ ಕಹಿಯಾದವಳು. ಸಿಬಿಲ್ ಆ ಲೆಕ್ಕಕ್ಕೆ ಸೇರಿಯೇ ಇಲ್ಲ. ಅವಳು ಯಾರನ್ನು ಮಾತನಾಡಿಸಿದರೂ, ಯಾವ ಕರಪತ್ರ ಓದಿದರೂ ಒಂದು ಗುಂಟೆ ಜಮೀನೂ ಅತ್ತಿತ್ತ ಆಗುವುದಿಲ್ಲ. ಮೂರನೆಯ ಮಗಳಿಗೆ ಸಿಗುವ ಈ ಬಿಡುವನ್ನು ಗುರುತಿಸದೆ ಸಿಬಿಲ್‌ಳನ್ನು ಹೊಗಳುವುದು ಮೇರಿಗೆ ಅನ್ಯಾಯ ಮಾಡಿದಂತೆ ಎಂದು ನನ್ನ ಅನಿಸಿಕೆ.

ಆಸ್ತಿ ಇಲ್ಲದಿದ್ದರೂ ಅವಳಿಗೆ ಪದವಿಯಿತ್ತು. ಡ್ಯೂಕ್, ಮಾರ್ಕ್ವೆಸ್, ಅರ್ಲ್ ಈ ಮೂರು ದರ್ಜೆಯವರ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹೆಸರಿನ ಹಿಂದೆ ‘ಲೇಡಿ’ ಸೇರುತ್ತದೆ, ಪದವಿ ಇಲ್ಲದವನನ್ನು ಮದುವೆಯಾದರೂ ಅದು ಬಿಟ್ಟುಹೋಗುವುದಿಲ್ಲ. ಕಾರು ಚಾಲಕನಾಗಿದ್ದ ಟಾಮ್ ಬ್ರಾನ್ಸನ್‌ನನ್ನು ವರಿಸಿದ ಸಿಬಿಲ್ ಕೊನೆಯವರೆಗೂ ಲೇಡಿ ಸಿಬಿಲ್ ಬ್ರಾನ್ಸನ್. ಗಂಡನಿಗಾಗಲಿ ಮಗುವಿಗಾಗಲಿ ಆ ಗೌರವದ ಪಾಲಿಲ್ಲ. ಅಂದರೆ ಅವಳು ಎಷ್ಟೇ ಕೆಳಗಿಳಿದು ಬಂದರೂ ಒಂದು ಮೆಟ್ಟಿಲು ಅವಳ ಕಾಲಿಗೆ ಕಟ್ಟಿಕೊಂಡೇ ಬರುತ್ತದೆ.

ಮೊದಲ ಸರಣಿಯಲ್ಲಿ ಎಲ್ಲರಿಗೂ ನೆನಪಿರುವ ದೃಶ್ಯವೆಂದರೆ ಸಿಬಿಲ್ ರಾತ್ರಿಯೂಟಕ್ಕೆ ಲಂಗದ ಬದಲು ನೀಲಿ ಬಣ್ಣದ ಸಡಿಲ ಷರಾಯಿ ತೊಟ್ಟು ಬರುವುದು. ಪ್ಯಾರಿಸಿನ ವಸ್ತ್ರವಿನ್ಯಾಸಕ ಪಾಲ್ ಪುವಾರೆ ಆ ವರ್ಷಗಳಲ್ಲಿ ಪೂರ್ವದೇಶಗಳ ಉಡುಪನ್ನು ನೆನಪಿಸುವ ಇಂಥ ಷರಾಯಿಗಳನ್ನು ಬಳಕೆಗೆ ತಂದಿದ್ದ. ದೃಶ್ಯ ಚೆಂದವಾಗಿದೆ, ಆದರೆ ಅದರಲ್ಲಿ ಬಂಡಾಯಕ್ಕಿಂತ ಫ್ಯಾಷನ್ನೇ ಹೆಚ್ಚು. ಅಷ್ಟು ದುಬಾರಿಯ ಬಟ್ಟೆ ಹೊಲಿಸಿಕೊಳ್ಳಲು ಅಪ್ಪನ ಹಣವೇ ಬೇಕು. ಅವಳ ನಿಜವಾದ ಪರೀಕ್ಷೆ ನಡೆಯುವುದು ಗ್ವೆನ್ ಡಾಸನ್ ಎಂಬ ಮನೆಗೆಲಸದ ಹುಡುಗಿಯ ವಿಷಯದಲ್ಲಿ.

ಗ್ವೆನ್ ತನ್ನ ಸಂಬಳದಲ್ಲಿ ಉಳಿಸಿ ಒಂದು ಟೈಪ್‌ರೈಟರ್ ಕೊಂಡು ಕೋಣೆಯಲ್ಲಿ ಬಚ್ಚಿಟ್ಟುಕೊಂಡಿದ್ದಾಳೆ, ಅಂಚೆಯ ಮೂಲಕ ಬರುವ ಪಾಠಗಳಿಂದ ಕಾರ್ಯದರ್ಶಿಯ ಕೆಲಸ ಕಲಿಯುತ್ತಿದ್ದಾಳೆ. ಇದು ಬಯಲಾದಾಗ ಕೆಳಮನೆಯ ಸಿಬ್ಬಂದಿಯಲ್ಲಿ ಹಲವರಿಗೆ ಮುಜುಗರ. ಕೆಲಸದವಳಿಗೆ ಇದಕ್ಕಿಂತ ದೊಡ್ಡದೇನು ಬೇಕು ಎಂಬುದು ಅವರ ಭಾವನೆ. ಶ್ರೇಣಿಯನ್ನು ಕಾಯುವುದರಲ್ಲಿ ಕೆಳಗಿನವರು ಮೇಲಿನವರಿಗಿಂತ ಕಟ್ಟುನಿಟ್ಟಾಗಿರುತ್ತಾರೆ ಎಂಬುದನ್ನು ಈ ಧಾರಾವಾಹಿ ಮತ್ತೆ ಮತ್ತೆ ತೋರಿಸುತ್ತದೆ. ಸಿಬಿಲ್ ಪತ್ರಿಕೆಯಲ್ಲಿ ಕಂಡ ಜಾಹೀರಾತನ್ನು ಗ್ವೆನ್‌ಗೆ ತಂದು ಕೊಡುತ್ತಾಳೆ, ಶಿಫಾರಸು ಬರೆಯುತ್ತಾಳೆ, ಸಂದರ್ಶನಕ್ಕೆ ತೊಡಲು ತನ್ನ ಉಡುಪು ಕೊಡುತ್ತಾಳೆ, ಕೊನೆಗೆ ತಾನೇ ಕುದುರೆಗಾಡಿ ಹೂಡಿಕೊಂಡು ಅವಳನ್ನು ಕರೆದೊಯ್ಯುತ್ತಾಳೆ. ಇದು ದಾನಧರ್ಮದ ಜಾತಿಗೆ ಸೇರಿದ್ದಲ್ಲ. ಆಗಿನ ಸಿರಿವಂತ ಹೆಂಗಸರು ಬಡವರ ಮನೆಗೆ ಸಾರಿನ ಪಾತ್ರೆ, ಹಳೆಯ ಕಂಬಳಿ ಕಳುಹಿಸುವುದು ಸಾಮಾನ್ಯವಾಗಿತ್ತು. ಅದರಿಂದ ಬಡವರು ಬಡವರಾಗಿಯೇ ಉಳಿಯುತ್ತಿದ್ದರು, ಕೊಟ್ಟವರ ಮನೆಗೆ ಕೆಲಸದವರ ಕೊರತೆಯೂ ಬರುತ್ತಿರಲಿಲ್ಲ. ಗ್ವೆನ್‌ಗೆ ಸಹಾಯ ಮಾಡುವ ಸಿಬಿಲ್ ತನ್ನ ಮನೆಯ ಒಬ್ಬ ಒಳ್ಳೆಯ ಕೆಲಸದವಳನ್ನು ಕಳೆದುಕೊಳ್ಳಲು ತಾನೇ ದಾರಿ ಮಾಡುತ್ತಿದ್ದಾಳೆ.

ಆದರೂ ಕಥೆಗಾರ ಇಲ್ಲಿ ಅವಳನ್ನು ಪೂರ್ತಿ ಗೆಲ್ಲಲು ಬಿಡುವುದಿಲ್ಲ. ಸಂದರ್ಶನಗಳು ಕೈಗೂಡದೆ, ದಾರಿಯಲ್ಲಿ ಕುದುರೆಯ ಲಾಳ ಕಳಚಿ, ಇಬ್ಬರೂ ಕೆಸರು ಮೆತ್ತಿಕೊಂಡು ನಡೆದು ಮನೆಗೆ ಬರಬೇಕಾಗುತ್ತದೆ. ಗ್ವೆನ್ ಕೈಚೆಲ್ಲುತ್ತಾಳೆ. ಬೇಕೆಂದದ್ದು ಕೈಗೆಟಕುತ್ತದೆ ಎಂದು ನಂಬಿಸಿ ನಿಮ್ಮನ್ನು ಬೆಳೆಸಿದ್ದಾರೆ, ನಮ್ಮಂಥವರ ಕನಸುಗಳು ನಿಜವಾಗುವುದು ತೀರ ಅಪರೂಪ ಎಂಬ ಅರ್ಥದ ಮಾತನ್ನು ಅವಳು ಸಿಬಿಲ್‌ಳಿಗೆ ಹೇಳುತ್ತಾಳೆ. ಪ್ರೋತ್ಸಾಹ ಕೊಡುವವರಿಗೆ ಸೋಲಿನ ಬೆಲೆ ತಟ್ಟುವುದಿಲ್ಲ, ಪ್ರತಿ ಸೋಲೂ ಗ್ವೆನ್‌ಳ ಧೈರ್ಯದಿಂದಲೇ ಕಳೆಯುತ್ತಾ ಹೋಗುತ್ತದೆ ಎಂಬುದನ್ನು ಇಷ್ಟು ನೇರವಾಗಿ ಕೆಲಸದವಳ ಬಾಯಿಂದಲೇ ಹೇಳಿಸಿದ್ದು ಮೊದಲ ಸರಣಿಯ ಅತ್ಯಂತ ಪ್ರಾಮಾಣಿಕ ಕ್ಷಣ. ಕೊನೆಗೆ ಕೆಲಸ ಸಿಗುವುದೂ ಯೋಗ್ಯತೆಯೊಂದರಿಂದಲ್ಲ. ಮನೆಗೆ ದೂರವಾಣಿ ಅಳವಡಿಸಲು ಬಂದ ಕಂಪನಿಯ ಅಧಿಕಾರಿಗೆ ಕಾರ್ಯದರ್ಶಿ ಬೇಕಾಗಿದ್ದಾಳೆಂದು ತಿಳಿದ ಸಿಬಿಲ್ ಬೆನ್ನುಬಿಡದೆ ಹೇಳಿ ಮಾಡಿಸುತ್ತಾಳೆ; ಅರ್ಲ್‌ನ ಮಗಳ ಮಾತಿಗೆ ಆ ಅಧಿಕಾರಿ ಕಿವಿಗೊಡುತ್ತಾನೆ.

ಇದೇ ಸರಣಿಯಲ್ಲಿ ಅವಳ ರಾಜಕೀಯ ಆಸಕ್ತಿಯೂ ಬೆಳೆಯುತ್ತದೆ. ಆ ಕಾಲದ ಹಿನ್ನೆಲೆ ತಿಳಿದಿರಬೇಕು. ಎಮಲಿನ್ ಪ್ಯಾಂಕ್‌ಹರ್ಸ್ಟ್ 1903ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕಟ್ಟಿದ ಸಂಘಟನೆ ಮಹಿಳೆಯರ ಮತದಾನದ ಹಕ್ಕಿಗಾಗಿ ಕಿಟಕಿ ಗಾಜು ಒಡೆಯುವ, ಜೈಲಿಗೆ ಹೋಗುವ, ಅಲ್ಲಿ ಉಪವಾಸ ಕೂರುವ ಹಾದಿ ಹಿಡಿದಿತ್ತು. 1913ರ ಜೂನ್‌ನಲ್ಲಿ ಎಪ್ಸಮ್ ಡರ್ಬಿಯ ಮೈದಾನದಲ್ಲಿ ಎಮಿಲಿ ಡೇವಿಸನ್ ರಾಜನ ಕುದುರೆಗೆ ಅಡ್ಡಹೋಗಿ ಬಿದ್ದು ಕೆಲವೇ ದಿನಗಳಲ್ಲಿ ತೀರಿಕೊಂಡರು. ಸಿಬಿಲ್‌ಗೆ ಈ ವಿಷಯದ ಪುಸ್ತಿಕೆಗಳನ್ನು ತಂದುಕೊಡುವವನು ಹೊಸದಾಗಿ ಕೆಲಸಕ್ಕೆ ಸೇರಿದ ಐರಿಷ್ ಚಾಲಕ ಬ್ರಾನ್ಸನ್. ಧರ್ಮಕಾರ್ಯದ ಸಭೆಯಿದೆ ಎಂದು ಅಪ್ಪನಿಗೆ ಸುಳ್ಳು ಹೇಳಿ ಅವಳು ರಿಪನ್ ಪಟ್ಟಣದ ಮತ ಎಣಿಕೆ ನೋಡಲು ಹೋಗುತ್ತಾಳೆ, ಅಲ್ಲಿ ಗಲಾಟೆಯಾಗಿ ತಲೆಗೆ ಪೆಟ್ಟು ಬೀಳುತ್ತದೆ. ಅರ್ಲ್ ಮೊದಲು ಕೈಯೆತ್ತುವುದು ಚಾಲಕನ ಕೆಲಸದ ಮೇಲೆ. ಅವನನ್ನು ತೆಗೆದರೆ ನಾನು ಮನೆಬಿಟ್ಟು ಹೋಗುತ್ತೇನೆ ಎಂದು ಸಿಬಿಲ್ ಹಟ ಹಿಡಿದ ಮೇಲಷ್ಟೇ ಅವನ ನೌಕರಿ ಉಳಿಯುತ್ತದೆ. ನೋಡುಗರು ಅವಳ ನ್ಯಾಯಬುದ್ಧಿಯನ್ನು ಮೆಚ್ಚುತ್ತಾರೆ, ಮೆಚ್ಚಬೇಕಾದದ್ದೇ. ಆದರೆ ಸುಳ್ಳು ಅವಳದು, ಅಪಾಯಕ್ಕೆ ಸಿಕ್ಕ ಅನ್ನ ಅವನದು ಎಂಬುದನ್ನೂ ಗಮನಿಸಬೇಕು. ಗ್ವೆನ್ ಹೇಳಿದ ಮಾತು ಇಲ್ಲಿ ಇನ್ನೊಂದು ರೂಪದಲ್ಲಿ ಬಂದು ನಿಂತಿದೆ.

ಈ ಮಿತಿಯನ್ನು ಅರಿತು ಅದನ್ನು ದಾಟಲು ಯತ್ನಿಸಿದ ಒಬ್ಬ ನಿಜವಾದ ಅರ್ಲ್‌ನ ಮಗಳು ಇದ್ದರು, ಅವರ ಕಥೆ ನಮ್ಮ ನಾಡಿನ ಮೂಲಕವೇ ಹಾದುಹೋಗುತ್ತದೆ. ಲೇಡಿ ಕಾನ್‌ಸ್ಟನ್ಸ್ ಲಿಟನ್ 1869ರಲ್ಲಿ ಹುಟ್ಟಿದವರು, ಬಾಲ್ಯದ ಕೆಲವು ವರ್ಷಗಳನ್ನು ಭಾರತದಲ್ಲಿ ಕಳೆದವರು. ಅವರ ತಂದೆ ರಾಬರ್ಟ್ ಲಿಟನ್ 1876ರಿಂದ 1880ರವರೆಗೆ ಇಲ್ಲಿ ವೈಸ್‌ರಾಯ್ ಆಗಿದ್ದರು. ದಕ್ಷಿಣ ಭಾರತ ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ ನರಳುತ್ತಿದ್ದಾಗ, 1877ರ ಜನವರಿ ಒಂದರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರುವ ವೈಭವದ ದರ್ಬಾರು ನಡೆಸಿದವರು ಅವರೇ. ಆಗ ಬ್ರಿಟಿಷ್ ಕಮಿಷನರುಗಳ ನೇರ ಆಡಳಿತದಲ್ಲಿದ್ದ ಮೈಸೂರು ಸಂಸ್ಥಾನದಲ್ಲಿ ಸುಮಾರು ಐದರಲ್ಲಿ ಒಂದು ಭಾಗದಷ್ಟು ಜನ ಆ ಬರದಲ್ಲಿ ಸತ್ತರೆಂದು ಅಂದಾಜು. 1880ರಲ್ಲಿ ಸ್ವದೇಶಕ್ಕೆ ಹಿಂತಿರುಗಿದಾಗ ರಾಬರ್ಟ್ ಲಿಟನ್‌ಗೆ ಅರ್ಲ್ ಪದವಿ ದೊರೆಯಿತು, ಅದಕ್ಕೂ ಮುಂಚೆ ಅವರು ಕೆಳದರ್ಜೆಯ ಬ್ಯಾರನ್ ಆಗಿದ್ದರು. ಬ್ಯಾರನ್ನನ ಮಗಳು ಲೇಡಿ ಆಗುವುದಿಲ್ಲ, ಅರ್ಲ್‌ನ ಮಗಳು ಆಗುತ್ತಾಳೆ. ಆದ್ದರಿಂದ ಕಾನ್‌ಸ್ಟನ್ಸ್ ಹೆಸರಿನ ಹಿಂದಿನ ‘ಲೇಡಿ’ ಅವರ ತಂದೆ ಭಾರತವನ್ನು ಆಳಿದ್ದಕ್ಕೆ ಸಂದ ಗೌರವದ ಜೊತೆಗೆ ಬಂದದ್ದು.

ಆ ಪದವಿ ಏನು ಮಾಡಬಲ್ಲದು ಎಂಬುದು ಅವರಿಗೆ ತಿಳಿದದ್ದು ಜೈಲಿನಲ್ಲಿ. ಮತದಾನದ ಹಕ್ಕಿನ ಚಳವಳಿಗೆ ಸೇರಿ 1909ರಲ್ಲಿ ನ್ಯೂಕ್ಯಾಸಲ್‌ನಲ್ಲಿ ಬಂಧನಕ್ಕೊಳಗಾಗಿ ಉಪವಾಸ ಹೂಡಿದಾಗ ವೈದ್ಯರು ಎದೆ ಪರೀಕ್ಷಿಸಿ, ಹೃದಯ ದುರ್ಬಲವಾಗಿದೆಯೆಂದು ಹೇಳಿ ಬಿಡುಗಡೆ ಮಾಡಿಸಿದರು. ಜೊತೆಗಿದ್ದ ಸಾಧಾರಣ ಮನೆಗಳ ಹೆಂಗಸರಿಗೆ ಮೂಗಿನಲ್ಲೋ ಗಂಟಲಲ್ಲೋ ನಳಿಕೆ ತುರುಕಿ ಬಲವಂತದಿಂದ ಆಹಾರ ಇಳಿಸುತ್ತಿದ್ದರು. ಈ ಭೇದವನ್ನು ಸಾಬೀತುಪಡಿಸಲು ಕಾನ್‌ಸ್ಟನ್ಸ್ 1910ರ ಜನವರಿಯಲ್ಲಿ ಕೂದಲು ಕತ್ತರಿಸಿಕೊಂಡು, ಅಗ್ಗದ ಬಟ್ಟೆ ತೊಟ್ಟು, ಜೇನ್ ವಾರ್ಟನ್ ಎಂಬ ಹೊಲಿಗೆಯವಳ ಹೆಸರಿನಲ್ಲಿ ಲಿವರ್‌ಪೂಲ್‌ನಲ್ಲಿ ಬಂಧನಕ್ಕೊಳಗಾದರು. ಈ ಸಲ ಬಲವಂತದ ಆಹಾರ ಆರಂಭಿಸುವ ಮೊದಲು ಯಾರೂ ಎದೆಯ ಬಡಿತ ಕೇಳಲಿಲ್ಲ. ನಿಜವಾದ ಹೆಸರು ಬಯಲಾಗಿ ಬಿಡುಗಡೆಯಾಗುವ ಮೊದಲು ಎಂಟು ಬಾರಿ ಬಲವಂತದ ಆಹಾರ ಇಳಿಸಲಾಯಿತು. 1912ರಲ್ಲಿ ಪಾರ್ಶ್ವವಾಯು ಬಡಿಯಿತು, ಮತ್ತೆಂದೂ ಪೂರ್ತಿ ಚೇತರಿಸಿಕೊಳ್ಳದೆ 1923ರಲ್ಲಿ ಅವರು ತೀರಿಕೊಂಡರು. ಸಿಬಿಲ್‌ಳ ಕರುಣೆ ಪದವಿಯ ಕೊಡೆಯ ಕೆಳಗೆ ಇತರರನ್ನೂ ಕರೆದುಕೊಳ್ಳುವ ಕರುಣೆ. ಕಾನ್‌ಸ್ಟನ್ಸ್ ಆ ಕೊಡೆಯನ್ನೇ ಮಡಚಿಟ್ಟು ಮಳೆಗೆ ನಿಂತರು. ಇಂಥ ಪಾತ್ರವನ್ನು ಭಾನುವಾರ ರಾತ್ರಿ ಮನೆಮಂದಿಯೆಲ್ಲ ಕೂತು ನೋಡುವ ಧಾರಾವಾಹಿಯ ಊಟದ ಮೇಜಿಗೆ ಕೂರಿಸುವುದು ಕಷ್ಟವಾಗುತ್ತಿತ್ತು ಎಂಬುದನ್ನು ಒಪ್ಪಬೇಕು.

ಧಾರಾವಾಹಿಯಲ್ಲಿ ಸಿಬಿಲ್‌ಳನ್ನು ನಿಜವಾಗಿ ಬದಲಾಯಿಸುವುದು ಚಳವಳಿಯಲ್ಲ, ಯುದ್ಧ. ತನ್ನೊಡನೆ ನೃತ್ಯ ಮಾಡಿದ ತರುಣರು ಒಬ್ಬೊಬ್ಬರಾಗಿ ಸಾಯುತ್ತಿರುವ ಸುದ್ದಿ ಬರುತ್ತಿರುವಾಗ ಸುಮ್ಮನೆ ಕೂರಲಾರದೆ ಅವಳು ಶುಶ್ರೂಷೆಯ ತರಬೇತಿಗಾಗಿ ಯಾರ್ಕ್‌ಗೆ ಹೋಗುತ್ತಾಳೆ. ಅವಳು ಸೇರುವುದು ವಿಎಡಿ ಎಂದು ಹೆಸರಾದ ಸ್ವಯಂಸೇವಕ ದಳಕ್ಕೆ. ಯುದ್ಧ ಬಂದರೆ ನಾಡಿನೊಳಗಿನ ಆಸ್ಪತ್ರೆಗಳಿಗೆ ಒತ್ತಾಸೆ ಬೇಕಾಗುತ್ತದೆಂದು 1909ರಲ್ಲಿ ಯುದ್ಧ ಇಲಾಖೆ ರೂಪಿಸಿದ ಏರ್ಪಾಟು ಅದು. ಆರಂಭದಲ್ಲಿ ಸಂಬಳವಿಲ್ಲದೆ ದುಡಿಯಬೇಕಾಗಿದ್ದರಿಂದ ಮನೆಯಲ್ಲಿ ಅನುಕೂಲವಿದ್ದವರೇ ಹೆಚ್ಚಾಗಿ ಸೇರುತ್ತಿದ್ದರು, ವರ್ಷಗಟ್ಟಲೆ ಕಲಿತು ಈ ವೃತ್ತಿಗೆ ಬಂದಿದ್ದ ದಾದಿಯರಿಗೆ ಅವರ ಬಗ್ಗೆ ಅಸಮಾಧಾನವೂ ಇತ್ತು. ಹೊರಡುವ ಮೊದಲು ಸಿಬಿಲ್ ಅಡುಗೆಯ ಮಿಸೆಸ್ ಪ್ಯಾಟ್ಮೋರ್ ಮತ್ತು ಡೇಸಿಯ ಬಳಿ ಒಲೆಯ ಕೆಲಸ ಕಲಿಯಲು ಅಡುಗೆಮನೆಗೆ ಇಳಿಯುತ್ತಾಳೆ. ಹುಟ್ಟಿದಂದಿನಿಂದ ಆ ಮನೆಯಲ್ಲೇ ಇದ್ದ ಹುಡುಗಿಗೆ ನೀರು ಕಾಯಿಸುವುದನ್ನೂ ಕಲಿಸಬೇಕಾದ ಪರಿಸ್ಥಿತಿ ನಗು ತರಿಸುತ್ತದೆ, ಆದರೆ ಇಲ್ಲಿಂದ ಮುಂದೆ ಅವಳ ಒಳ್ಳೆಯತನಕ್ಕೆ ಒಂದು ಕಸುಬಿನ ಬಲ ಬರುತ್ತದೆ. ಶಿಫಾರಸು ಬರೆಯುವ ಕೈ ಈಗ ಗಾಯ ತೊಳೆಯುತ್ತದೆ, ಹಾಸಿಗೆ ಬದಲಿಸುತ್ತದೆ. ವಿಷಾನಿಲದಿಂದ ಕುರುಡಾದ ಲೆಫ್ಟಿನೆಂಟ್ ಕೋರ್ಟ್ನಿಯನ್ನು ಬೇರೆಡೆಗೆ ಕಳುಹಿಸಬೇಡಿರೆಂದು ಅವಳು ವಾದಿಸುವುದು ಅರ್ಲ್‌ನ ಮಗಳಾಗಿ ಅಲ್ಲ, ರೋಗಿಯನ್ನು ಬಲ್ಲ ದಾದಿಯಾಗಿ. ಆ ವಾದದಲ್ಲಿ ಅವಳು ಸೋಲುತ್ತಾಳೆ, ಆ ತರುಣ ತನ್ನ ಜೀವ ತಾನೇ ತೆಗೆದುಕೊಳ್ಳುತ್ತಾನೆ. ಧಾರಾವಾಹಿಯ ಮನೆ ಗಾಯಾಳು ಅಧಿಕಾರಿಗಳ ಚೇತರಿಕೆಯ ಆಸ್ಪತ್ರೆಯಾಗುವುದಕ್ಕೂ ಇತಿಹಾಸದ ಆಧಾರವಿದೆ: ಚಿತ್ರೀಕರಣ ನಡೆದ ಹ್ಯಾಂಪ್‌ಷೈರಿನ ಹೈಕ್ಲೇರ್ ಕ್ಯಾಸಲ್‌ನಲ್ಲಿ ಮೊದಲನೆಯ ಮಹಾಯುದ್ಧದ ಸಮಯದಲ್ಲಿ ಕಾರ್ನಾರ್ವನ್ ಅರ್ಲ್‌ನ ಪತ್ನಿ ಅಲ್ಮಿನಾ ಆಸ್ಪತ್ರೆ ನಡೆಸಿದ್ದರು.

ಯುದ್ಧ ಮುಗಿದ ಮೇಲೆ ಹಿಂದಿನ ಬದುಕಿಗೆ ಮರಳಲಾರೆ ಎಂಬುದು ಸಿಬಿಲ್‌ಗೆ ಖಚಿತವಾಗುತ್ತದೆ, ವರ್ಷಗಳಿಂದ ಉತ್ತರಕ್ಕಾಗಿ ಕಾದಿದ್ದ ಬ್ರಾನ್ಸನ್‌ನನ್ನು ಅವಳು ಒಪ್ಪುತ್ತಾಳೆ. ಇಬ್ಬರೂ ಒಮ್ಮೆ ಓಡಿಹೋಗಲು ಹೊರಟು, ಅಕ್ಕಂದಿರು ಹಿಂಬಾಲಿಸಿ ಬಂದು ಕರೆದಾಗ ಹಿಂತಿರುಗಿ, ಆಮೇಲೆ ಎದುರಾಎದುರು ಹೇಳಿಯೇ ಮನೆ ಬಿಡುತ್ತಾರೆ. ಮದುವೆ ನಡೆಯುವುದು ಡಬ್ಲಿನ್‌ನಲ್ಲಿ. ಇಲ್ಲಿ ಬರಹಗಾರ ಪಾತ್ರಕ್ಕೆ ಸ್ವಲ್ಪ ಮೋಸ ಮಾಡಿದ್ದಾನೆ ಎಂದು ನನಗೆ ಅನಿಸುತ್ತದೆ. ಮತ ಎಣಿಕೆ ನೋಡಲು ಸುಳ್ಳು ಹೇಳಿದ್ದ ಹುಡುಗಿ ಮದುವೆಯಾದ ಮೇಲೆ ರಾಜಕೀಯದ ಒಂದು ಮಾತನ್ನೂ ಸ್ವಂತವಾಗಿ ಆಡುವುದಿಲ್ಲ, ಐರ್ಲೆಂಡಿನ ಸ್ವಾತಂತ್ರ್ಯದ ಚರ್ಚೆ ಪೂರ್ತಿ ಗಂಡನ ಪಾಲಿಗೆ ಹೋಗುತ್ತದೆ. 1916ರ ಈಸ್ಟರ್ ದಂಗೆಯಲ್ಲಿ ಇಂಗ್ಲಿಷ್ ಸೈನಿಕರ ಗುಂಡಿಗೆ ದಾಯಾದಿಯನ್ನು ಕಳೆದುಕೊಂಡವನು ಅವನು, ಸಿರಿವಂತ ಮನೆಯೊಂದಕ್ಕೆ ಬೆಂಕಿಯಿಟ್ಟ ಪ್ರಕರಣದಲ್ಲಿ ಸಿಕ್ಕಿ ಗರ್ಭಿಣಿ ಹೆಂಡತಿಯನ್ನು ಹಿಂದೆ ಬಿಟ್ಟು ಇಂಗ್ಲೆಂಡಿಗೆ ಓಡಿಬರುವವನೂ ಅವನೇ. ಅವಳು ಕಾಯುವ, ಸಂತೈಸುವ, ಎರಡೂ ಕಡೆಯವರನ್ನು ಹೊಂದಿಸುವ ಹೆಂಡತಿಯಾಗುತ್ತಾಳೆ. ಅದೇ ಕಾಲದ ಐರ್ಲೆಂಡಿನಲ್ಲಿ ಸಿರಿವಂತ ಜಮೀನ್ದಾರ ಮನೆಯ ಮಗಳಾದ ಕಾನ್‌ಸ್ಟನ್ಸ್ ಮಾರ್ಕೀವಿಚ್ ಈಸ್ಟರ್ ದಂಗೆಯಲ್ಲಿ ಬಂದೂಕು ಹಿಡಿದಿದ್ದರು, 1918ರಲ್ಲಿ ಬ್ರಿಟಿಷ್ ಸಂಸತ್ತಿನ ಕೆಳಮನೆಗೆ ಆಯ್ಕೆಯಾದ ಮೊದಲ ಮಹಿಳೆಯಾಗಿ ಅಲ್ಲಿ ಕೂರಲು ನಿರಾಕರಿಸಿದ್ದರು. ಹಾಗೆ ನೋಡಿದರೆ ಸಿಬಿಲ್‌ಳ ಮುಂದೆ ಮಾದರಿಗಳ ಕೊರತೆಯೇನೂ ಇರಲಿಲ್ಲ.

ಅವಳು ಇಷ್ಟೆಲ್ಲ ಬಯಸಿದ್ದ ಮತ ಅವಳಿಗೆ ಸಿಗಲೇ ಇಲ್ಲ ಎಂಬುದನ್ನು ಧಾರಾವಾಹಿ ಎತ್ತಿ ಹೇಳುವುದಿಲ್ಲ. 1918ರ ಕಾಯ್ದೆ ಇಪ್ಪತ್ತೊಂದು ತುಂಬಿದ ಗಂಡಸರಿಗೆ ಮತ ಕೊಟ್ಟಿತು. ಹೆಂಗಸರಿಗಾದರೋ ಮೂವತ್ತು ತುಂಬಿರಬೇಕು, ಜೊತೆಗೆ ತನ್ನ ಅಥವಾ ಗಂಡನ ಹೆಸರಿನಲ್ಲಿ ಇಂತಿಷ್ಟು ಆಸ್ತಿಯ ಅರ್ಹತೆಯೂ ಇರಬೇಕು ಎಂದು ವಿಧಿಸಿತು. ಸಮಾನ ಮತಾಧಿಕಾರ ಬ್ರಿಟನ್ನಿಗೆ ಬಂದದ್ದು 1928ರಲ್ಲಿ. ಐರಿಷ್ ಸ್ವತಂತ್ರ ರಾಜ್ಯವಾದರೋ 1922ರ ತನ್ನ ಸಂವಿಧಾನದಲ್ಲೇ ಇಪ್ಪತ್ತೊಂದು ತುಂಬಿದ ಹೆಂಗಸರಿಗೂ ಗಂಡಸರಿಗೂ ಸಮಾನವಾಗಿ ಆ ಹಕ್ಕು ಕೊಟ್ಟಿತು. ಸಿಬಿಲ್ ಇನ್ನೆರಡು ವರ್ಷ ಬದುಕಿ ಡಬ್ಲಿನ್‌ನಲ್ಲೇ ಇದ್ದಿದ್ದರೆ ಚಾಲಕನ ಹೆಂಡತಿಯಾಗಿ ಅವಳಿಗೆ ಮತ ಸಿಗುತ್ತಿತ್ತು, ಅರ್ಲ್‌ನ ಅವಿವಾಹಿತ ಮಗಳಾಗಿ ಅಪ್ಪನ ಮನೆಯಲ್ಲಿ ಉಳಿದಿದ್ದರೆ ಸಿಗುತ್ತಿರಲಿಲ್ಲ.

ಅವಳ ಸಾವಿನ ಕಂತು ಬ್ರಿಟನ್ನಿನಲ್ಲಿ 2012ರ ಅಕ್ಟೋಬರ್‌ನಲ್ಲಿ ಪ್ರಸಾರವಾಯಿತು. ಕಥೆಯಲ್ಲಿ ಅದು 1920. ವೈದ್ಯಕೀಯವಾಗಿ ಇದನ್ನು ಸ್ವಲ್ಪ ನಿಧಾನವಾಗಿ ಬಿಡಿಸಬೇಕು. ಹೆರಿಗೆಗೆ ಬಂದ ಸಿಬಿಲ್‌ಳ ಕಾಲು ಬಾತಿದೆ, ತಲೆನೋವಿದೆ, ಮಾತು ತಡವರಿಸುತ್ತಿದೆ. ಊರಿನ ವೈದ್ಯ ಕ್ಲಾರ್ಕ್‌ಸನ್ ಮೂತ್ರ ಪರೀಕ್ಷಿಸಿ ಅದರಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಕಂಡು, ಇದು ಗರ್ಭನಂಜಿನ ಲಕ್ಷಣ, ಕೂಡಲೇ ಆಸ್ಪತ್ರೆಗೆ ಒಯ್ದು ಸಿಸೇರಿಯನ್ ಮಾಡಬೇಕು ಎನ್ನುತ್ತಾನೆ. ಲಂಡನ್ನಿನಿಂದ ಕರೆಸಿದ ಹೆಸರಾಂತ ತಜ್ಞ ಸರ್ ಫಿಲಿಪ್ ಟ್ಯಾಪ್ಸೆಲ್ ಇದನ್ನು ತಳ್ಳಿಹಾಕುತ್ತಾನೆ, ಅವಳ ಕಾಲ್ಗಂಟುಗಳೇ ದಪ್ಪವಿರಬಹುದೆಂದು ಲಘುವಾಗಿ ಹೇಳುತ್ತಾನೆ. ಅರ್ಲ್ ತಜ್ಞನ ಮಾತು ನಂಬುತ್ತಾನೆ. ಮಗು ಸುಖವಾಗಿ ಹುಟ್ಟುತ್ತದೆ, ಎಲ್ಲರೂ ನೆಮ್ಮದಿಯಿಂದ ಮಲಗುತ್ತಾರೆ, ರಾತ್ರಿ ತಾಯಿಗೆ ಸೆಳವು ಬಂದು ಉಸಿರು ನಿಲ್ಲುತ್ತದೆ.

ಬಸಿರಿನ ಇಪ್ಪತ್ತು ವಾರಗಳ ನಂತರ ರಕ್ತದೊತ್ತಡ ಏರಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಳ್ಳುವ ಸ್ಥಿತಿಗೆ ಇಂದು ಪ್ರಿ-ಎಕ್ಲಾಂಪ್ಸಿಯಾ ಎನ್ನುತ್ತಾರೆ, ಅದು ಸೆಳವಿಗೆ ತಿರುಗಿದರೆ ಎಕ್ಲಾಂಪ್ಸಿಯಾ. ಮೂಲ ತೊಂದರೆ ಮಾಸಿನಲ್ಲಿ (ಪ್ಲಾಸೆಂಟಾ) ಇರುವುದರಿಂದ ಹೆರಿಗೆಯೇ ಅದಕ್ಕೆ ಪರಿಹಾರ, ಆದರೆ ಹೆರಿಗೆಯಾದ ತಕ್ಷಣ ಅಪಾಯ ಹೋಗುವುದಿಲ್ಲ. ಮುಂದಿನ ಕೆಲವು ದಿನಗಳವರೆಗೂ ಸೆಳವು ಬರಬಹುದು. ಟ್ಯಾಪ್ಸೆಲ್ ಗೆದ್ದೆನೆಂದು ಭಾವಿಸುವ ಆ ಕೆಲವು ಗಂಟೆಗಳ ನೆಮ್ಮದಿ ಆದ್ದರಿಂದ ಕಥೆಗಾಗಿ ಹುಟ್ಟಿಸಿದ ತಿರುವಲ್ಲ, ರೋಗದ ನಿಜವಾದ ನಡೆ. ಕ್ಲಾರ್ಕ್‌ಸನ್ ಹೇಳಿದಂತೆ ಮಾಡಿದ್ದರೆ ಅವಳು ಬದುಕುತ್ತಿದ್ದಳೇ? ಆಗ ಈ ಸೆಳವಿಗೆ ತುತ್ತಾದವರಲ್ಲಿ ಹೆಚ್ಚಿನವರು ಬದುಕುಳಿಯುತ್ತಿದ್ದರಾದರೂ ಸಾಯುವವರ ಸಂಖ್ಯೆ ಸಣ್ಣದಾಗಿರಲಿಲ್ಲ. ಸೋಂಕು ತಡೆಯುವ ಸಲ್ಫಾ ಔಷಧಗಳು ಬರಲು ಇನ್ನೂ ಹದಿನೈದು ವರ್ಷ ಬೇಕಿತ್ತು, ಹೊಟ್ಟೆ ಕೊಯ್ಯುವುದೇ ಒಂದು ಗಂಡಾಂತರವಾಗಿತ್ತು. ಇಂದು ಸೆಳವು ತಡೆಯಲು ಎಲ್ಲೆಡೆ ಕೊಡುವ ಮೆಗ್ನೀಸಿಯಮ್ ಸಲ್ಫೇಟ್ ಆಗ ಕೆಲವೇ ವೈದ್ಯರ ಪ್ರಯೋಗದಲ್ಲಿತ್ತು. ಅದು ಸೆಳವಿನ ಅಪಾಯವನ್ನು ಅರ್ಧಕ್ಕಿಳಿಸುತ್ತದೆ ಎಂಬುದು ದೊಡ್ಡ ಪ್ರಮಾಣದ ಅಧ್ಯಯನದಿಂದ ಖಚಿತವಾದದ್ದು 2002ರಲ್ಲಿ.

ಕಥೆಯಲ್ಲಿ ಅವಳನ್ನು ಕೊಲ್ಲುವುದು ರೋಗವೊಂದೇ ಅಲ್ಲ, ಪದವಿಯ ಮೇಲಿನ ವಿಶ್ವಾಸವೂ ಹೌದು. ನ್ಯಾಯವಾಗಿ ಹೇಳಬೇಕೆಂದರೆ ಅರ್ಲ್‌ನ ಅನುಮಾನಕ್ಕೆ ಕಾರಣವಿತ್ತು, 1919ರ ಜ್ವರದಲ್ಲಿ ಮ್ಯಾಥ್ಯೂವಿನ ವಾಗ್ದತ್ತೆ ಲವೀನಿಯಾಳ ಸ್ಥಿತಿಯನ್ನು ಕ್ಲಾರ್ಕ್‌ಸನ್ ಸರಿಯಾಗಿ ಅಂದಾಜು ಮಾಡಿರಲಿಲ್ಲ. ಆದರೆ ತೀರ್ಪು ಕೊಡುವ ಗಳಿಗೆಯಲ್ಲಿ ಅರ್ಲ್ ತೂಗಿ ನೋಡುವುದು ಲಕ್ಷಣಗಳನ್ನಲ್ಲ, ಹೆಸರಿನ ಹಿಂದಿನ ‘ಸರ್’ ಅನ್ನು. ಗರ್ಭಿಣಿಯ ಗಂಡನಾದ ಬ್ರಾನ್ಸನ್ ಅದೇ ಕೋಣೆಯಲ್ಲಿದ್ದರೂ ಅವನ ಅಭಿಪ್ರಾಯ ಕೊನೆಗೆ ಬರುತ್ತದೆ. ದಾದಿಯಾಗಿ ವರ್ಷಗಟ್ಟಲೆ ದುಡಿದ ಸಿಬಿಲ್ ಆಗ ಮಾತನಾಡುವ ಸ್ಥಿತಿಯಲ್ಲೇ ಇಲ್ಲ. ಇದರಲ್ಲಿ ಉತ್ಪ್ರೇಕ್ಷೆಯಿಲ್ಲ. ಇಂಗ್ಲೆಂಡಿನ 1930-32ರ ಅಧಿಕೃತ ಅಂಕಿಗಳ ಪ್ರಕಾರ ಹೆರಿಗೆಯ ಸಾವಿನ ಪ್ರಮಾಣ ಕೂಲಿಕಾರರ ಹೆಂಡತಿಯರಿಗಿಂತ ಮೇಲ್ವರ್ಗದ ಹೆಂಡತಿಯರಲ್ಲೇ ತುಸು ಹೆಚ್ಚಿತ್ತು. ಬಡವರ ಹೆರಿಗೆ ಹೆಚ್ಚಾಗಿ ಸೂಲಗಿತ್ತಿಯರ ಕೈಯಲ್ಲಿ ಆಗುತ್ತಿತ್ತು, ಹಣವಿದ್ದವರು ವೈದ್ಯರನ್ನು ಕರೆಸುತ್ತಿದ್ದರು. ಅನಗತ್ಯವಾಗಿ ಇಕ್ಕಳ ಬಳಸುವ, ಅವಸರ ಮಾಡುವ ವೈದ್ಯರಿಂದ ಹಾನಿಯೂ ಆಗುತ್ತಿತ್ತೆಂದು ವೈದ್ಯಕೀಯ ಇತಿಹಾಸಕಾರರು ವಿವರಿಸಿದ್ದಾರೆ.

ಪಾತ್ರವನ್ನು ಕೊನೆಗೊಳಿಸಲು ತೀರ ಲೌಕಿಕವಾದ ಕಾರಣವೂ ಇತ್ತು: ಮೂರು ವರ್ಷಗಳ ಒಪ್ಪಂದ ಮುಗಿದ ಮೇಲೆ ಮುಂದುವರಿಯಲು ನಟಿಗೆ ಮನಸ್ಸಿರಲಿಲ್ಲ. ಆದರೂ ಅವಳಿಲ್ಲದ ಮೂರು ಸರಣಿಗಳಲ್ಲಿ ಕಥೆ ಅವಳ ಗೈರುಹಾಜರಿಯನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಮಗು ತಾಯಿಯ ಹೆಸರನ್ನೇ ಪಡೆದು ಕ್ಯಾಥೊಲಿಕ್ ವಿಧಿಯಂತೆ ದೀಕ್ಷೆ ಪಡೆಯುತ್ತದೆ. ಆ ವಿಷಯದಲ್ಲಿ ಅರ್ಲ್‌ನ ವಿರೋಧ ಮುರಿಯಲು ನೆರವಾಗುವುದು ಸಿಬಿಲ್ ಸಾಯುವ ಮೊದಲು ಮೇರಿಯ ಬಳಿ ಹೇಳಿಹೋದ ಮಾತು. ಬ್ರಾನ್ಸನ್ ಜಮೀನಿನ ಮೇಲ್ವಿಚಾರಕನಾಗುತ್ತಾನೆ. ಒಂದು ಗುಂಟೆಯ ಮೇಲೂ ಹಕ್ಕಿಲ್ಲದ ಮಗಳು ಮಾಡಿಕೊಂಡ ಮದುವೆಯಿಂದ ಆ ಜಮೀನನ್ನು ನೋಡಿಕೊಳ್ಳುವ ಮನುಷ್ಯ ಸಿಕ್ಕಂತಾಗುತ್ತದೆ. ಕೊನೆಯ ಸರಣಿಯಲ್ಲಿ, 1925ರ ಕಥೆಯಲ್ಲಿ, ಗ್ವೆನ್ ಗೌರವಾನ್ವಿತ ಗಂಡನೊಡನೆ ಅದೇ ಮನೆಯ ಮಧ್ಯಾಹ್ನದ ಊಟಕ್ಕೆ ಅತಿಥಿಯಾಗಿ ಬರುತ್ತಾಳೆ. ಬಡಿಸಲು ನಿಂತ ಥಾಮಸ್ ಬ್ಯಾರೋ ಅವಳನ್ನು ಗುರುತು ಹಿಡಿದು, ಅವಮಾನವಾಗಲೆಂದೇ ಅವಳು ಹಿಂದೆ ಇಲ್ಲಿ ಕೆಲಸಕ್ಕಿದ್ದವಳೆಂದು ಎಲ್ಲರೆದುರು ತಿಳಿಯುವಂತೆ ಮಾಡುತ್ತಾನೆ. ಗ್ವೆನ್ ನಾಚದೆ ಟೈಪ್‌ರೈಟರಿನ ಕಥೆಯನ್ನೂ ಸಿಬಿಲ್ ಮಾಡಿದ ಉಪಕಾರವನ್ನೂ ಹೇಳುತ್ತಾಳೆ. ಅದುವರೆಗೆ ಮನೆಯವರಿಗೆ ಆ ಉಪಕಾರದ ಸುಳಿವೂ ಇರಲಿಲ್ಲ. ತಮ್ಮ ಕೈಕೆಳಗೆ ಕೆಲಸಕ್ಕಿದ್ದವಳ ಮುಖವನ್ನು ಮೇಜಿನ ಆಚೆ ಕೂತಾಗಲೂ ಅವರು ಗುರುತಿಸಿರಲಿಲ್ಲ.